ಕಲಿಕಾ ನ್ಯೂನತೆ, ಬೌದ್ಧಿಕ ನ್ಯೂನತೆ ಇರುವವರ ಸಂದರ್ಶನ: ಸಹಿ ಯಾರದ್ದು, ಪ್ರಶ್ನೆ ಹೇಗೆ, ಅಮ್ಮನೇ ಉತ್ತರ ಕೊಟ್ಟರೆ ಏನು ಮಾಡೋದು?

ಸುಮಾ_ಎಂಎಸ್‌ಡಬ್ಲ್ಯೂ

ನಮಸ್ಕಾರ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಕೊನೆಯ ಸೆಮಿಸ್ಟರಿನ ಕ್ಷೇತ್ರಕಾರ್ಯಕ್ಕೆ ಎರಡು ಸಂದರ್ಶನ ಆಗಬೇಕು. ಆಡಿಯೊ ಸಮುದಾಯ ಬಾನುಲಿಗೆ ಹೋಗುತ್ತದೆ, ತಲಾ 20 ನಿಮಿಷ. ಬರಹರೂಪ ಕಾಲೇಜಿಗೆ.

ಮೊದಲನೆಯದು 19ರ ಹುಡುಗನದ್ದು. ಡಿಸ್‌ಲೆಕ್ಸಿಯಾ (ಓದು-ಬರಹದ ಕಲಿಕಾ ನ್ಯೂನತೆ), ಪ್ರಮಾಣಪತ್ರ ಇದೆ. ಸ್ಕ್ರೈಬ್ (ಹೇಳಿದ ಉತ್ತರ ಬರೆದುಕೊಡುವವರ) ಸಹಾಯದಿಂದ ಎಸ್ಸೆಸ್ಸೆಲ್ಸಿ ಪಾಸಾಗಿ ಈಗ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್. ಎರಡನೆಯವರು ಬೌದ್ಧಿಕ ನ್ಯೂನತೆ ಇರುವ 34ರ ಮಹಿಳೆ, ಹಗಲು ಕೇಂದ್ರವೊಂದರಲ್ಲಿ ಕಾಗದದ ಕವರ್ ಮಾಡುತ್ತಾರೆ. ಅವರ ತಾಯಿಯನ್ನೂ ಮಾತಾಡಿಸಬೇಕು.

ಗೈಡ್ ಇಬ್ಬರಿಗೂ ಸೇರಿಸಿ 40 ಪ್ರಶ್ನೆಗಳ ಪಟ್ಟಿ ಕೊಟ್ಟಿದ್ದಾರೆ. ಕೆಲವು ಹೀಗಿವೆ: "ನಿಮ್ಮ ನ್ಯೂನತೆ ಯಾವಾಗ ತಿಳಿಯಿತು, ಅದರಿಂದ ಶೈಕ್ಷಣಿಕ ಹಾಗೂ ಸಾಮಾಜಿಕ ಜೀವನದ ಮೇಲಾದ ಪರಿಣಾಮಗಳೇನು?", "ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆಯೇ?", "ಕೆಲಸ ಇಷ್ಟವೇ?", ತಾಯಿಗೆ "ನಿಮ್ಮ ನಂತರ ಮಗಳ ಗತಿಯೇನು?"

ಪರಿಚಯಕ್ಕೆ ಹೋದಾಗ ಆ ಮಹಿಳೆ ಕೇಳಿದ್ದಕ್ಕೆಲ್ಲ "ಹೂಂ" ಅಂದರು, ಉಳಿದದ್ದನ್ನು ಅವರಮ್ಮ ಹೇಳಿದರು. ಒಪ್ಪಿಗೆ ಪತ್ರಕ್ಕೆ ಯಾರ ಸಹಿ ಬೇಕು? ಪ್ರಶ್ನೆಗಳನ್ನು ಮೊದಲೇ ಕಳಿಸಬಹುದಾ? ರೆಕಾರ್ಡರ್ ಬೇಕೇ ಬೇಕಾ, ಫೋನ್ ಸಾಕಾ? ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

---

ಸಂಪನ್ಮೂಲ_ಶಿಕ್ಷಕಿ

ಸುಮಾ, ಮೊದಲು ಆ ಪಟ್ಟಿಯನ್ನು ಎರಡು ಭಾಗ ಮಾಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಬೇರೆ, ಬೌದ್ಧಿಕ ನ್ಯೂನತೆ ಬೇರೆ. ಹುಡುಗನಿಗೆ ನಿಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಅವನಿಗೆ ಕಷ್ಟ ಕೊಡುವುದು ನೀವು ಕೊಡುವ ಹಾಳೆ. ಆ ಮಹಿಳೆಗೆ ಪ್ರಶ್ನೆಯ ಕಟ್ಟೋಣವೇ ತೊಡಕು. ಅವನ ಬಗ್ಗೆ ಬೇರೆ ಯಾರಾದರೂ ಬರೆಯಲಿ, ನಾನು ಎರಡನೆಯವರ ವಿಷಯ ಹೇಳುತ್ತೇನೆ.

ಸಹಿ. 18 ದಾಟಿದ ಮೇಲೆ ತಾಯಿ ತಾನಾಗಿ ಕಾನೂನಿನ ಪ್ರಕಾರ ಪೋಷಕಿ ಆಗುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಆದೇಶ ಪಡೆದಿರಬೇಕು. ಅಂಥ ಆದೇಶ ಇದೆಯಾ ಎಂದು ತಾಯಿಯನ್ನೇ ಕೇಳಿ, ಬಹಳ ಮನೆಗಳಲ್ಲಿ ಇರುವುದಿಲ್ಲ. ಇದ್ದರೆ ಅವರ ಸಹಿಯೂ ಬೇಕು. ಇಲ್ಲದಿದ್ದರೂ ಕಾಲೇಜಿನ ಸಮಿತಿ ಕೇಳಬಹುದು, ತೆಗೆದುಕೊಳ್ಳಿ, ನಷ್ಟವೇನಿಲ್ಲ. ಆದರೆ ಮಗಳ ಒಪ್ಪಿಗೆ ಇಲ್ಲದೆ ತಾಯಿಯ ಸಹಿಯೊಂದರ ಮೇಲೆ ಮುಂದುವರಿಯಬೇಡಿ. 2016ರ ಕಾಯ್ದೆಯ 13ನೇ ಸೆಕ್ಷನ್ ಅವರಿಗೂ ಉಳಿದವರಷ್ಟೇ ಕಾನೂನು ಸಾಮರ್ಥ್ಯ ಕೊಟ್ಟಿದೆ.

ಒಪ್ಪಿಗೆ ತೆಗೆದುಕೊಳ್ಳಲು ಎರಡು ಪುಟದ ಪತ್ರ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆ ಅಲ್ಲ. ಒಂದೇ ಎ4 ಹಾಳೆ, ನಾಲ್ಕು ಚಿತ್ರ: ನಿಮ್ಮ ಫೋಟೊ, ನೀವು ತರುವ ಅದೇ ರೆಕಾರ್ಡರ್ ಅಥವಾ ಫೋನಿನ ಫೋಟೊ, ರೇಡಿಯೊ ಕೇಳುತ್ತಿರುವ ಜನ, "ಸಾಕು" ಎಂದು ಎತ್ತಿದ ಕೈ. ಪ್ರತಿ ಚಿತ್ರಕ್ಕೆ ಒಂದೇ ವಾಕ್ಯ. ಕೊನೆಗೆ "ಅರ್ಥ ಆಯ್ತಾ?" ಅನ್ನಬೇಡಿ, "ಹೂಂ" ಬಂದೇ ಬರುತ್ತದೆ. "ನಿಮ್ಮ ಮಾತು ಯಾರ್ಯಾರು ಕೇಳ್ತಾರೆ?", "ಸಾಕು ಅನ್ನಿಸಿದ್ರೆ ಏನ್ ಮಾಡ್ತೀರಿ?" ಎಂದು ಕೇಳಿ. ಚಿತ್ರ ಮುಟ್ಟಿ ತೋರಿಸಿದರೂ ಉತ್ತರವೇ. "ಅಕ್ಕ ಮಾತ್ರ ಕೇಳ್ತಾರೆ" ಅಂದರೆ ರೇಡಿಯೊ ವಿಷಯ ತಲುಪಿಲ್ಲ, ಒಂದು ಹಳೆಯ ಕಾರ್ಯಕ್ರಮ ಹಾಕಿ ಕೇಳಿಸಿ, ಆಮೇಲೆ ಮತ್ತೆ ಕೇಳಿ.

ಕೆಂಪು ಕಾರ್ಡು ಕೊಟ್ಟು "ಬೇಡ ಅನ್ನಿಸಿದ್ರೆ ಎತ್ತಿ" ಎಂದು ಹೇಳಿದರೆ ಮಾತ್ರ ಸಾಲದು. ಜೀವನವಿಡೀ ದೊಡ್ಡವರ ಮಾತಿಗೆ ತಲೆಯಾಡಿಸಿ ಬಂದವರು ಅದನ್ನು ಎತ್ತುವುದಿಲ್ಲ. ರೆಕಾರ್ಡ್ ಶುರುವಾಗುವ ಮೊದಲು, ಕಾಫಿ-ತಿಂಡಿ ಮಾತಾಡುವಾಗಲೇ ಮೂರ್ನಾಲ್ಕು ಸಲ ಎತ್ತಿಸಿ. ಎತ್ತಿದ ತಕ್ಷಣ ನೀವು ಅರ್ಧ ವಾಕ್ಯದಲ್ಲೇ ಬಾಯಿ ಮುಚ್ಚಬೇಕು. ಕಾರ್ಡು ಕೆಲಸ ಮಾಡುತ್ತದೆ ಎಂದು ಅವರು ಕಣ್ಣಾರೆ ನೋಡಬೇಕು.

ಇನ್ನು ಈ "ಹೂಂ". 1981ರಲ್ಲೇ ಅಮೆರಿಕದಲ್ಲಿ ಕ್ಯಾರಲ್ ಸೀಗಲ್‌ಮನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಒಂದಕ್ಕೊಂದು ವಿರುದ್ಧವಾದ ಎರಡು ಪ್ರಶ್ನೆ ಕೇಳಿದರೂ ಎರಡಕ್ಕೂ ಹೌದು ಎನ್ನುವ ಪ್ರವೃತ್ತಿ ಅದು. ನೀವೂ ನೋಡಬಹುದು. "ಕೆಲಸ ಇಷ್ಟಾನಾ?" ಹೂಂ. ಐದು ನಿಮಿಷ ಬಿಟ್ಟು "ಅಲ್ಲಿ ಬೇಜಾರಾಗುತ್ತಾ?" ಹೂಂ. ಅದು ಸುಳ್ಳು ಹೇಳುವುದಲ್ಲ. ಪ್ರಶ್ನೆ ಅರ್ಥವಾಗದಿದ್ದಾಗ, ಅಥವಾ ಎದುರಿಗಿರುವವರಿಗೆ ಬೇಸರವಾಗಬಾರದು ಅನ್ನಿಸಿದಾಗ, ಹೌದು ಎನ್ನುವುದು ಸುರಕ್ಷಿತ. ಹಾಗಾಗಿ ಹೌದು-ಅಲ್ಲ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿ. "ಅದಾ ಇದಾ" ಪ್ರಶ್ನೆ ಇದಕ್ಕಿಂತ ವಾಸಿ, ಆದರೆ ಅದರಲ್ಲಿ ಕೊನೆಗೆ ಕೇಳಿದ್ದನ್ನೇ ಹೇಳುವ ರೂಢಿ ಇರುತ್ತದೆ. "ಕವರ್ ಅಂಟಿಸೋದಾ, ಮಡಚೋದಾ, ಯಾವುದು ಖುಷಿ?" ಎಂದು ಕೇಳಿದರೆ, ಹತ್ತು ನಿಮಿಷದ ನಂತರ ಕ್ರಮ ತಿರುಗಿಸಿ ಇನ್ನೊಮ್ಮೆ ಕೇಳಿ. ಎರಡೂ ಸಲ ಒಂದೇ ಉತ್ತರ ಬಂದರೆ ನಂಬಬಹುದು.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕೈಯಲ್ಲಿ ವಸ್ತು ಕೊಟ್ಟು ಕೇಳುವ ಪ್ರಶ್ನೆ. ಒಂದು ಕಟ್ಟು ಹಳೆ ಪೇಪರ್, ಗೋಂದಿನ ಡಬ್ಬಿ ಮುಂದಿಟ್ಟು "ನನಗೂ ಹೇಳಿಕೊಡಿ, ಮೊದಲು ಏನು?" ಅನ್ನಿ. ಮಡಚುತ್ತ ಮಡಚುತ್ತ ಯಾರು ಪಕ್ಕದಲ್ಲಿ ಕೂರುತ್ತಾರೆ, ಯಾರು ಬೈಯುತ್ತಾರೆ, ದುಡ್ಡು ಯಾರ ಕೈಗೆ ಹೋಗುತ್ತದೆ ಎಲ್ಲ ಬರುತ್ತದೆ. "ಸಾಮಾಜಿಕ ಜೀವನದ ಮೇಲೆ ಪರಿಣಾಮ" ಎಂದು ಕೇಳಿದರೆ ಇದರಲ್ಲಿ ಒಂದೂ ಬರುವುದಿಲ್ಲ.

"ಯಾವಾಗ", "ಎಷ್ಟು ವರ್ಷದಿಂದ", "ಯಾಕೆ" ಈ ಮೂರೂ ಕಷ್ಟದ ಪ್ರಶ್ನೆಗಳು. ಇಸವಿಗೆ ಬದಲು ಊರ ಜಾತ್ರೆ, ತಂಗಿಯ ಮದುವೆ, ಮಳೆಗಾಲ ಹಿಡಿದುಕೊಳ್ಳಿ: "ತಂಗಿ ಮದುವೆ ಆದಾಗ ಕೇಂದ್ರಕ್ಕೆ ಹೋಗ್ತಿದ್ರಾ, ಮನೇಲೇ ಇದ್ರಾ?" ಯಾಕೆ ಎಂಬುದನ್ನು "ಆಗ ಏನಾಯ್ತು?" ಎಂದು ಬದಲಿಸಿ. ಯಾಕೆ ಅಂದರೆ ತಪ್ಪು ಹುಡುಕುತ್ತಿದ್ದಾರೆ ಎಂದು ಕೇಳಿಸುತ್ತದೆ.

ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೂರಕ್ಕೇ ನಿಮಗೆ ಚಡಪಡಿಕೆ ಶುರುವಾಗುತ್ತದೆ, ತಡೆದುಕೊಳ್ಳಿ. ಐದನೇ ಸೆಕೆಂಡಿಗೆ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಕೇಳಿದರೆ ಅವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕಾದರೆ "ನೀವು ಹೇಳಿದ್ದು ಸರಿ ಇತ್ತು, ನನಗೆ ಕೇಳಿಸಲಿಲ್ಲ" ಎಂದು ಸೇರಿಸಿ. ಇಲ್ಲದಿದ್ದರೆ ಹಿಂದಿನ ಉತ್ತರ ತಪ್ಪಾಯಿತೆಂದು ಬದಲಾಯಿಸಿಬಿಡುತ್ತಾರೆ.

40 ಪ್ರಶ್ನೆ ಬೇಡ, ಎಂಟು ಸಾಕು. ಒಂದು ಸಲಕ್ಕೆ 20 ನಿಮಿಷದಂತೆ ಮೂರು ಸಲ ಹೋಗಿ, ಅದೇ ಜಾಗ, ಅದೇ ಹೊತ್ತು. ಮೊದಲ ಸಲದ ರೆಕಾರ್ಡಿಂಗ್ ಬಳಸಲು ಬರುವುದಿಲ್ಲ ಎಂದೇ ಅಂದುಕೊಂಡು ಹೋದರೆ ಒಳ್ಳೆಯದು.

---

ಸುಮಾ_ಎಂಎಸ್‌ಡಬ್ಲ್ಯೂ

ಮೇಡಂ, ತುಂಬಾ ಉಪಕಾರವಾಯ್ತು. ಒಂದು ಅನುಮಾನ: ತಾಯಿಯನ್ನು ಹೊರಗೆ ಕೂರಿಸುವುದು ಹೇಗೆ? ಬೇಜಾರು ಮಾಡಿಕೊಂಡರೆ ಎರಡೂ ಸಂದರ್ಶನ ಕೈತಪ್ಪುತ್ತದೆ.

---

ಪಾಲಕರ_ಬಳಗ_ಧಾರವಾಡ

ಸುಮಾ ಅವರೇ, ತಾಯಿನ ಹೊರಗ ಕೂಡಸೂ ಮಾತೇ ತಗೀಬ್ಯಾಡ್ರಿ. ಮೂವತ್ನಾಲ್ಕು ವರ್ಷ ಮಗಳ ಪರವಾಗಿ ಡಾಕ್ಟರ್ ಮುಂದ, ಸಾಲಿ ಮುಂದ, ಕಚೇರಿ ಮುಂದ ಮಾತಾಡಿದಾಕಿ ಆಕಿ. ಈಗ ನೀವು ಬಂದು ಸುಮ್ನ ಕೂಡ್ರಿ ಅಂದ್ರ ಹೆಂಗ್ ಆಗಬೇಕು? ಮೊದಲ ಆಕಿಗೆ ಆಕಿದೇ ಬ್ಯಾರೆ ದಿನ ಅದ ಅಂತ ಹೇಳ್ರಿ. "ಅಮ್ಮಾ, ನಿಮ್ಮ ಮಾತು ಪೂರ್ತಿ ಕೇಳಬೇಕು, ಅದಕ್ಕ ಗುರುವಾರ ಬರ್ತೀನಿ, ಇವತ್ತು ಮಗಳದಷ್ಟ" ಅಂದ್ರ ಅರ್ಧ ಕೆಲಸ ಆತು.

ಕೂಡೋ ಜಾಗ ನೋಡ್ಕೋರಿ. ತಾಯಿ ಮಗಳ ಎದುರಿಗೆ ಕೂತ್ರ ಮಗಳು ಪ್ರತಿ ಉತ್ತರಕ್ಕೂ ಅವ್ವನ ಮಾರಿ ನೋಡ್ತಾಳ. ತಾಯಿನ್ನ ಮಗಳ ಹಿಂದ ಒಂದು ಬದಿಗೆ, ನಿಮಗ ಕಾಣೂ ಹಂಗ ಕೂಡಸ್ರಿ. ಒಂದು ಕರಾರು ಮಾಡ್ಕೋರಿ: ಮಗಳು ತಾನಾಗಿ ತಿರುಗಿ "ಅವ್ವಾ" ಅಂದ್ರ ಮಾತ್ರ ಮಾತಾಡೂದು. ಮಾತು ಗೊತ್ತಾಗ್ಲಿಲ್ಲ ಅಂದ್ರ ನೀವ ಆಕಿಗೆ ಕೇಳ್ತೀರಿ, "ಇವರು ಹೇಳಿದ ಶಬ್ದ ಯಾವುದು?" ಅಂತ. ಅರ್ಥ ಕೇಳಬ್ಯಾಡ್ರಿ, ಶಬ್ದ ಅಷ್ಟ. ಅರ್ಥ ಕೇಳಿದ್ರಿ ಅಂದ್ರ ತಾಯಿ ಸಂದರ್ಶನ ಅಲ್ಲೇ ಶುರುವಾತು. ಕೈಗೆ ಒಂದು ಕೆಲಸ ಇದ್ರ ಇನ್ನೂ ಛಲೋ, ಅವರೀಕಾಯಿ ಸುಲೀಲಿ, ಹೂ ಕಟ್ಟಲಿ.

ಇಬ್ಬರೇ ಒಳಗ ಬಾಗಿಲಾ ಹಾಕ್ಕೊಂಡು ಕೂಡೂದು ಬ್ಯಾಡ. ಬಾಗಿಲಾ ತಗದಿರಲಿ. ಕೇಂದ್ರದಾಗ ಮಾಡಿದ್ರ ಆಕಿ ಇಷ್ಟಪಡೂ ಟೀಚರ್ ಒಬ್ಬರು ಕಣ್ಣಳತಿಯೊಳಗ ಇರಲಿ, ಆದ್ರ ಕೇಂದ್ರದ ಮುಖ್ಯಸ್ಥರು ಬ್ಯಾಡ. ಸಂಬಳ ಕೊಡಾಂವರ ಮುಂದ ಕೆಲಸದ ಬಗ್ಗೆ ಯಾರು ಖರೇ ಹೇಳ್ತಾರ?

ಮಗಳದ್ದು ಮೊದಲ ಮಾಡ್ರಿ, ತಾಯಿದು ಆಮ್ಯಾಲೆ. ತಾಯಿ ಮಾತು ಮೊದಲ ಕೇಳಿದ್ರ ನಿಮ್ಮ ತಲಿಯೊಳಗ ಉತ್ತರ ಆಗಲೇ ಕೂತಿರ್ತಾವ, ಮಗಳ ಬಾಯಿಂದ ಅದನ್ನ ಹೊರಡಸಾಕ ನೋಡ್ತೀರಿ.

ತಾಯಿ ಸಂದರ್ಶನ ಮಗಳು ಕೇಂದ್ರಕ್ಕ ಹೋದ ಹೊತ್ತಿನ್ಯಾಗ. ಹುಟ್ಟಿದಾಗ ಡಾಕ್ಟರ್ ಏನಂದ್ರು, ಗಂಡನ ಮನಿಯವ್ರು ಏನಂದ್ರು ಅನ್ನೂದನ್ನ ಮಗಳ ಮುಂದ ಕೇಳಲೇಬ್ಯಾಡ್ರಿ. "ಆಕಿಗೆ ಗೊತ್ತಾಗೂದಿಲ್ಲ" ಅಂತ ಮನಿಯವರ ಹೇಳಿದ್ರೂ ಕೇಳಬ್ಯಾಡ್ರಿ, ಗೊತ್ತಾಗ್ತದ.

"ನಿಮ್ಮ ನಂತರ ಗತಿ ಏನು" ಅನ್ನೂದು ಪ್ರತಿ ವರದಿಗಾರ ಬಂದು ಕೇಳೂ ಪ್ರಶ್ನಿ. ತಗದ್ಹಾಕ್ರಿ ಅನ್ನೂದಿಲ್ಲ, ಅದು ನಿಜವಾದ ಚಿಂತಿನೇ. ಆದ್ರ "ಗತಿ" ಅನ್ನೂ ಮಾತು ಬ್ಯಾಡ. ಕೆಲಸದ ರೂಪದಾಗ ಕೇಳ್ರಿ: ಪೋಷಕತ್ವಕ್ಕ ಅರ್ಜಿ ಹಾಕೀರಿ? ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡ್ ಆಗೇದ? ನಿರಾಮಯ ಆರೋಗ್ಯ ವಿಮಾ ಮಾಡಿಸೀರಿ? (ವರ್ಷಕ್ಕ 1 ಲಕ್ಷದ ತನಕ ಇರೂದು, ರಾಷ್ಟ್ರೀಯ ನ್ಯಾಸದ್ದು.) ಪಿಂಚಣಿ ಯಾರ ಖಾತೆಗೆ ಬರ್ತದ, ತಗೀಲಿಕ್ಕೆ ಯಾರು ಹೋಗ್ತಾರ? ಮಗಳ ಬಗ್ಗೆ ಅಣ್ಣ-ತಮ್ಮಂದಿರ ಕೂಡ ಏನು ಮಾತಾಗೇದ? ಇಂಥಾವು ಕೇಳಿದ್ರ ಕೇಳೂ ಮಂದಿಗೂ ಉಪಯೋಗ. ಪೂರ್ತಿ ಮಾತಿನ ಮೂರನೇ ಎರಡು ಭಾಗ ಮುಗದ ಮ್ಯಾಲೆ ಇದನ್ನ ತಗೀರಿ, ಮುಂದ ಹಗುರ ಪ್ರಶ್ನಿ ಒಂದೆರಡು ಇಟ್ಕೋರಿ. ಕಣ್ಣೀರು ಬಂದ ಕೂಡಲೆ ರೆಕಾರ್ಡರ್ ಬಂದ್ ಮಾಡಿ ಎದ್ದು ಹೋಗೂದು ಬರೋಬ್ಬರಿ ಅಲ್ಲ.

ಮುಟ್ಟು, ಸ್ನಾನ, ಮದುವಿ ವಿಷಯ ತಾಯಂದಿರು ತಾವಾಗೇ ತಗೀತಾರ. ಆ ತೊಂದರೆ ಖರೇ, ನಿಮ್ಮ ವರದಿಗೆ ಬೇಕೂ ಆಗಬಹುದು. ಆದ್ರ ಅದು ಮಗಳ ಮೈ ವಿಷಯ. ರೇಡಿಯೊಕ್ಕ ಹಾಕೂ ಹಕ್ಕು ತಾಯಿಗೂ ಇಲ್ಲ, ನಿಮಗೂ ಇಲ್ಲ.

ಕೂಲಿ ಬಿಟ್ಟು ಕೂಡ್ತಾರಂದ್ರ ಆ ದಿನದ ಕೂಲಿ, ಬಸ್ ಚಾರ್ಜ್ ಕೊಡ್ರಿ. ಶುರುವಿನ್ಯಾಗ ಕೊಡ್ರಿ. ಕಡೀಕ ಕೊಟ್ರ "ಪೂರ್ತಿ ಮಾತಾಡಿದ್ರಷ್ಟ ರೊಕ್ಕ" ಅಂತ ಆಗ್ತದ, ಕೆಂಪು ಕಾರ್ಡಿಗೆ ಕಿಮ್ಮತ್ತು ಉಳಿಯೂದಿಲ್ಲ.

---

ಒತ್ತಕ್ಷರ

ಹುಡುಗನ ಭಾಗಕ್ಕೆ ಬರುತ್ತೇನೆ. ಡಿಸ್‌ಲೆಕ್ಸಿಯಾ ಇರುವ ಮಕ್ಕಳಿಗೆ ಪರಿಹಾರ ಬೋಧನೆ ಮಾಡುವ ಕೆಲಸ ನನ್ನದು.

"ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆಯೇ" ಎಂಬ ಪ್ರಶ್ನೆಯನ್ನು ದಯವಿಟ್ಟು ತೆಗೆಯಿರಿ. ಅದು ಇಂಗ್ಲಿಷಿನ ಬಿ-ಡಿ ಗೊಂದಲದಿಂದ ಹುಟ್ಟಿದ ಕಲ್ಪನೆ. ತೊಂದರೆ ಮುಖ್ಯವಾಗಿ ಕಣ್ಣಿನದ್ದಲ್ಲ, ಉಲಿಯನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವುದರದ್ದು. ಕನ್ನಡದಲ್ಲಿ ಅದು ಕಾಣುವ ಜಾಗವೇ ಬೇರೆ: ದೀರ್ಘ ಬಿಟ್ಟುಹೋಗುವುದು, ಒತ್ತಕ್ಷರ ಮಾಯವಾಗುವುದು ಅಥವಾ ಬೇರೆ ಒತ್ತು ಬೀಳುವುದು, ಅಲ್ಪಪ್ರಾಣ-ಮಹಾಪ್ರಾಣ ಅದಲುಬದಲು, ಅರ್ಕಾವತ್ತು ಎಲ್ಲಿ ಓದಬೇಕೆಂದು ತಿಳಿಯದಿರುವುದು. "ವಿದ್ಯುತ್" ಎಂಬುದು "ವಿದುತ" ಆಗುತ್ತದೆ. ಬೆಂಗಳೂರಿನ ಮಕ್ಕಳ ಮೇಲೆ ಸೊನಾಲಿ ನಾಗ್ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಕನ್ನಡದ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಮೊದಲೆರಡು ತರಗತಿ ಸಾಲುವುದಿಲ್ಲ, ನಾಲ್ಕನೆಯವರೆಗೂ ಎಳೆಯುತ್ತದೆ. ಅಂದರೆ ನಮ್ಮಲ್ಲಿ ಡಿಸ್‌ಲೆಕ್ಸಿಯಾ "ಇನ್ನೂ ಕಲಿಯುತ್ತಿದ್ದಾನೆ ಬಿಡಿ" ಎಂಬ ಮಾತಿನ ಹಿಂದೆ ಬಹಳ ಕಾಲ ಅಡಗಿರಲು ಸಾಧ್ಯ. ಕೇಳಬೇಕಾದದ್ದು ಇದನ್ನು: ಯಾವ ತರಗತಿಯವರೆಗೆ ಬಾಯಿಪಾಠದಲ್ಲಿ ನಿಭಾಯಿಸಿದ? ಗುರುತು ಹಿಡಿದವರು ಯಾರು? ಅಲ್ಲಿಯವರೆಗೆ ಅದನ್ನು ಏನೆಂದು ಕರೆಯುತ್ತಿದ್ದರು?

ಪ್ರಶ್ನೆ ಮೊದಲೇ ಕಳಿಸಬಹುದಾ ಎಂದಿರಿ. ಅವನಿಗೆ ಖಂಡಿತ ಕಳಿಸಿ, ಆದರೆ ಬರೆದಲ್ಲ. ವಾಟ್ಸಾಪ್ ಧ್ವನಿಸಂದೇಶ, ಒಂದೊಂದು ಪ್ರಶ್ನೆಗೆ ಒಂದೊಂದು, 15-20 ಸೆಕೆಂಡ್ ಮೀರದಂತೆ. ಎಲ್ಲ ಸೇರಿಸಿ ನಾಲ್ಕು ನಿಮಿಷದ್ದು ಕಳಿಸಿದರೆ ಬೇಕಾದದ್ದನ್ನು ಹುಡುಕಲು ಆಗುವುದಿಲ್ಲ. ಆ ಮಹಿಳೆಗೆ ಮಾತ್ರ ಕಳಿಸಬೇಡಿ. ಪ್ರಶ್ನೆ ತಾಯಿಯ ಫೋನಿಗೆ ಹೋಗುತ್ತದೆ, ತಾಯಿ ಉತ್ತರ ಕಲಿಸಿ ಕೂರಿಸುತ್ತಾರೆ, ನಿಮಗೆ ಸಿಗುವುದು ಪಾಠ ಒಪ್ಪಿಸಿದ್ದು. (ಇದರಲ್ಲಿ ಭಿನ್ನಾಭಿಪ್ರಾಯ ಇದೆ, ವಿಷಯಗಳನ್ನಾದರೂ ತಿಳಿಸಬೇಕು ಎನ್ನುವವರಿದ್ದಾರೆ. "ಕೆಲಸ, ಮನೆ, ಗೆಳೆಯರು" ಎಂದು ಚಿತ್ರದಲ್ಲಿ ತೋರಿಸಿದರೆ ಅಷ್ಟು ಸಾಕು.)

ಒಪ್ಪಿಗೆ ಪತ್ರವನ್ನು ಹುಡುಗನ ಕೈಗೆ ಕೊಟ್ಟು "ಓದಿ ಸಹಿ ಹಾಕಪ್ಪ" ಎಂದು ಕಾಯುತ್ತ ಕೂರಬೇಡಿ. ಓದಿದಂತೆ ಕಣ್ಣಾಡಿಸಿ ಸಹಿ ಹಾಕಿಬಿಡುತ್ತಾನೆ, ಶಾಲೆಯಲ್ಲಿ ವರ್ಷಗಟ್ಟಲೆ ಅಭ್ಯಾಸವಾದ ಉಪಾಯ ಅದು. ನೀವೇ ಒಂದೊಂದು ವಾಕ್ಯ ಓದಿ ಹೇಳಿ, ಅವನ ಒಪ್ಪಿಗೆಯನ್ನು ಬಾಯಿಮಾತಿನಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಸಹಿ. ಅಚ್ಚು ಹಾಕಿದ ಪ್ರತಿ ಕೊಡುವುದಾದರೆ 14 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಅಂತರ, ಎಡಕ್ಕೆ ಮಾತ್ರ ಹೊಂದಿಸಿ. ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವಿನ ಜಾಗ ಹಿಗ್ಗಿ ಕುಗ್ಗಿ ಸಾಲು ತಪ್ಪುತ್ತದೆ. ಕನ್ನಡದಲ್ಲಿ ಸಾಲಿನ ಅಂತರ ಇನ್ನೂ ಮುಖ್ಯ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು.

ರೇಡಿಯೊಕ್ಕೆ ಚೆನ್ನಾಗಿರುತ್ತದೆ ಎಂದು ಪೇಪರ್ ಕೊಟ್ಟು ಓದಿಸುವವರಿದ್ದಾರೆ. ತೊಂದರೆ ಎಂಥದ್ದೆಂದು ಕೇಳುಗರಿಗೆ ಗೊತ್ತಾಗಲಿ ಅಂತೆ! ಅದನ್ನು ಮಾಡಬೇಡಿ. ತಡವರಿಕೆ ಕೇಳಿಸಿದವರಿಗೆ ನೆನಪಿರುವುದು ತಡವರಿಕೆ ಒಂದೇ.

ಬದಲಿಗೆ ವರ್ಕ್‌ಶಾಪಿನಲ್ಲಿ ಮಾಡಿ. ಮೆಟ್ಟಿಲ ಬಳಿಯ ದೀಪಕ್ಕೆ ಎರಡು ಕಡೆ ಸ್ವಿಚ್ ಕೊಡುವ ವೈರಿಂಗ್ ಇದೆಯಲ್ಲ, ಅದನ್ನು ಪ್ರಾಕ್ಟೀಸ್ ಬೋರ್ಡಿನ ಮೇಲೆ ಮಾಡುತ್ತ ಮಾತಾಡಲಿ. ಎರಡು ಟೂ-ವೇ ಸ್ವಿಚ್, ಒಂದು ಹೋಲ್ಡರ್, ಮೂರು ಬಣ್ಣದ ವೈರ್, ಸ್ಕ್ರೂಡ್ರೈವರ್. ಸಪ್ಲೈ ಕೊಡುವ ಹಾಗಿಲ್ಲ, ಮಾತಿನ ಮೇಲೆ ಗಮನ ಇರುವಾಗ ಕರೆಂಟ್ ಬೇಡ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಎದ್ದು ಬರುತ್ತವೆ: ಪುಸ್ತಕದ ಸರ್ಕ್ಯೂಟ್ ಚಿತ್ರ ನೋಡಿ ಹಾಕುತ್ತೀಯಾ, ಸರ್ ಮಾಡಿದ್ದನ್ನು ನೆನಪಿಟ್ಟು ಹಾಕುತ್ತೀಯಾ? ಎಡ ಟರ್ಮಿನಲ್, ಬಲ ಟರ್ಮಿನಲ್ ಗೊಂದಲ ಆಗುತ್ತಾ, ಆದರೆ ಏನು ಗುರುತು ಮಾಡಿಕೊಳ್ಳುತ್ತೀಯಾ? ಥಿಯರಿ ಪೇಪರಿಗೆ ಹೇಗೆ ತಯಾರಿ? ಬಸ್ ಬೋರ್ಡು ಓದುತ್ತೀಯಾ, ಬಣ್ಣ-ನಂಬರ್ ನೋಡುತ್ತೀಯಾ? ಗೆಳೆಯರ ಗುಂಪಿನಲ್ಲಿ ಮೆಸೇಜ್ ಟೈಪ್ ಮಾಡುತ್ತೀಯಾ, ಮಾತಾಡಿ ಕಳಿಸುತ್ತೀಯಾ? ಬ್ಯಾಂಕ್ ಚಲನ್ ತುಂಬಿಸುವವರು ಯಾರು?

ಇಸವಿ, ತಿಂಗಳು, ಫೋನ್ ನಂಬರ್ ಕ್ರಮವಾಗಿ ಹೇಳುವುದು ಡಿಸ್‌ಲೆಕ್ಸಿಯಾ ಇರುವ ಹಲವರಿಗೆ ಕಷ್ಟ. ಮೈಕ್ ಮುಂದೆ ಅದನ್ನು ಕೇಳಿ ಪೆಚ್ಚಾಗಿಸಬೇಡಿ, ಮಾರ್ಕ್ಸ್ ಕಾರ್ಡ್ ನೋಡಿ ನೀವೇ ಬರೆದುಕೊಳ್ಳಿ.

ಸ್ಕ್ರೈಬ್ ವಿಷಯವನ್ನು ಬಿಡಿಸಿ ಕೇಳಿ, ಇದರ ಬಗ್ಗೆ ಕೇಳುಗರಿಗೆ ಏನೂ ಗೊತ್ತಿರುವುದಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಸಿಕ್ಕಿತಾ? ಸ್ಕ್ರೈಬ್ ಜೊತೆ ಪರೀಕ್ಷೆಗೆ ಮುಂಚೆ ಕೂತು ಅಭ್ಯಾಸ ಮಾಡಿದ್ದನಾ? ಬಾಯಲ್ಲಿ ಉತ್ತರ ಕಟ್ಟಿ ಹೇಳುವುದು ಬೇರೆಯದೇ ವಿದ್ಯೆ, ಅಭ್ಯಾಸ ಇಲ್ಲದಿದ್ದರೆ ಗೊತ್ತಿರುವ ಉತ್ತರವೂ ಅರ್ಧಕ್ಕೆ ನಿಲ್ಲುತ್ತದೆ. ಗಣಿತದ ಚಿತ್ರ ಯಾರು ಬರೆದರು?

ಪ್ರಮಾಣಪತ್ರದ ಬಗ್ಗೆ: 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲಷ್ಟೇ ಪ್ರಮಾಣಪತ್ರ, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ ಎಂದಿತ್ತು. ಅವನು 19. 18ರ ಪರೀಕ್ಷೆ ಆಯಿತಾ ಎಂದು ರೆಕಾರ್ಡಿಂಗಿನ ಹೊರಗೆ ಕೇಳಿ. ಆಗಿಲ್ಲದಿದ್ದರೆ ನಿಮ್ಮ ಸಂದರ್ಶನಕ್ಕಿಂತ ಅದು ಮುಖ್ಯ, ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಜಿಲ್ಲಾಸ್ಪತ್ರೆಗೋ ದಾರಿ ತೋರಿಸಿ.

---

ಬಾನುಲಿ_ತಂತ್ರಜ್ಞ

ಫೋನ್ ಸಾಕು, ಆದರೆ ಫೋನಿನ ಒಳಗಿನ ಮೈಕ್ ಸಾಲದು. ಕಾಲರ್ ಮೈಕ್ ಒಂದು ತಗೊಳ್ಳಿ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೀರೆ ಸೆರಗು, ದುಪಟ್ಟ, ಕರಿಮಣಿ ಉಜ್ಜದ ಕಡೆ ಇರಲಿ, ಉಜ್ಜಿದ ಸದ್ದು ಎಡಿಟಿಂಗಿನಲ್ಲಿ ಹೋಗುವುದಿಲ್ಲ. ಆ ಮಹಿಳೆ ವೈರ್ ಮುಟ್ಟುತ್ತಿದ್ದರೆ, ಮೈಮೇಲೆ ಸಿಕ್ಕಿಸುವುದು ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಮಡಚಿದ ಟವೆಲ್ ಮೇಲೆ ಮೈಕ್ ಇಟ್ಟು ಬಾಯಿಂದ 25-30 ಸೆಂ.ಮೀ. ದೂರದಲ್ಲಿ ಇಡಿ. ಕವರ್ ಮಡಚಿಸುವುದಾದರೆ ಮೈಕ್ ಮತ್ತು ಕಾಗದ ಒಂದೇ ಮೇಜಿನ ಮೇಲೆ ಬೇಡವೇ ಬೇಡ, ಸರಸರ ಸದ್ದಿನಲ್ಲಿ ಮಾತು ಮುಳುಗುತ್ತದೆ. ಕಾಗದ ತೊಡೆಯ ಮೇಲಿನ ರಟ್ಟಿನ ಮೇಲೆ, ಮೈಕ್ ಪಕ್ಕದ ಸ್ಟೂಲಿನ ಮೇಲೆ.

ರೆಕಾರ್ಡಿಂಗ್ ಸೆಟ್ಟಿಂಗ್: ವೇವ್ ಫೈಲ್, 48 ಕಿಲೋಹರ್ಟ್ಸ್, ಮೋನೊ. ಸದ್ದಿನ ಏರು ಮೈನಸ್ 12 ಡೆಸಿಬೆಲ್ ಆಸುಪಾಸು. ಏರೋಪ್ಲೇನ್ ಮೋಡ್ ಹಾಕಿ, ಮರೆಯುವುದೇ ಇದನ್ನು. ಫ್ಯಾನ್, ಹಳೆ ಟ್ಯೂಬ್‌ಲೈಟ್ ಚೋಕ್, ಫ್ರಿಜ್ ಬಂದ್. ಕುಕ್ಕರ್ ಇಟ್ಟಿದ್ದರೆ ಇಳಿಯುವವರೆಗೆ ಕಾಯಿರಿ. ಕೊನೆಯಲ್ಲಿ ಯಾರೂ ಮಾತಾಡದೆ ಒಂದು ನಿಮಿಷ ಬರೀ ಕೋಣೆಯ ಸದ್ದು ತೆಗೆದುಕೊಳ್ಳಿ, ಕತ್ತರಿಸಿದ ಜಾಗಗಳಿಗೆ ತೇಪೆ ಹಾಕಲು ಬೇಕು.

ಮಾತು ಸ್ಪಷ್ಟವಿಲ್ಲ ಎಂದು ಬೇರೆಯವರ ದನಿಯಲ್ಲಿ ಹೇಳಿಸುವುದು ನಮ್ಮ ಬಾನುಲಿಗಳಲ್ಲಿ ಚಾಳಿಯಾಗಿದೆ, ನನಗೆ ಸೇರುವುದಿಲ್ಲ. ಅವರು ಹೇಳಿದ ಕೂಡಲೇ ನೀವು ಅದೇ ಪದಗಳನ್ನು ಒಮ್ಮೆ ಹೇಳಿ ಸುಮ್ಮನಿರಿ. "ಶನಿವಾರ ಸಂಬಳ." ಪ್ರಶ್ನೆಯ ರಾಗ ಬೇಡ. ಕೇಳುಗರಿಗೂ ತಿಳಿಯಿತು, ತಪ್ಪಾಗಿದ್ದರೆ ಅವರೂ ತಿದ್ದುತ್ತಾರೆ.

ಎಡಿಟಿಂಗಿನಲ್ಲಿ ಹತ್ತು ಸೆಕೆಂಡಿನ ಮೌನವನ್ನು ಮೂರಕ್ಕೆ ಇಳಿಸಬಹುದು, ಸೊನ್ನೆಗೆ ಇಳಿಸಬೇಡಿ. ಒಂದು ಪ್ರಶ್ನೆಯ ಉತ್ತರವನ್ನು ಎತ್ತಿ ಇನ್ನೊಂದಕ್ಕೆ ಅಂಟಿಸಬೇಡಿ. ತಾಯಿ ಬಾಯಿ ಹಾಕಿದ ಜಾಗದಲ್ಲಿ ತಾಯಿಯ ದನಿ ಹಾಗೇ ಇರಲಿ, ಅದನ್ನು ಅಳಿಸಿ ಮಗಳ ಉತ್ತರ ಮಾತ್ರ ಉಳಿಸಿದರೆ ಹೇಳಿಕೊಟ್ಟ ಮಾತು ಸ್ವಂತದ್ದಾಗಿ ಕೇಳುತ್ತದೆ. ಬರಹರೂಪದಲ್ಲೂ ಹಾಗೆಯೇ, "ತಾಯಿ ಹೇಳಿದರು" ಎಂದು ಗುರುತು ಹಾಕಿ. ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಒಂದು ಗಂಟೆಯ ಆಡಿಯೊ ಬರೆಯಲು ಐದಾರು ಗಂಟೆ ಬೇಕು, ಮಾತು ಅಸ್ಪಷ್ಟವಿದ್ದರೆ ಇನ್ನೂ ಹೆಚ್ಚು, ಸಲ್ಲಿಸುವ ದಿನಾಂಕ ಲೆಕ್ಕ ಹಾಕಿಕೊಳ್ಳಿ.

ಹೆಸರು ಬದಲಿಸಿದರೆ ಗುರುತು ಮುಚ್ಚಿತು ಅಂದುಕೊಳ್ಳಬೇಡಿ. ವಯಸ್ಸು, ಊರು, ಕವರ್ ಕೆಲಸ ಮೂರೂ ಒಟ್ಟಿಗೆ ಬಂದರೆ ಸಮುದಾಯ ಬಾನುಲಿಯ ವ್ಯಾಪ್ತಿಯಲ್ಲಿ ಎಲ್ಲರಿಗೂ ಯಾರೆಂದು ಗೊತ್ತು. ದನಿಯೇ ಸಾಕು, ನಿಜ ಹೇಳಬೇಕೆಂದರೆ. ಆದ್ದರಿಂದ ಒಪ್ಪಿಗೆ ಕೇಳುವಾಗಲೇ "ಊರವರಿಗೆ ನೀವೇ ಅಂತ ಗೊತ್ತಾಗುತ್ತೆ" ಎಂದು ಹೇಳಿ. ಸ್ವಂತ ಹೆಸರೇ ಬರಲಿ ಎಂದು ಅವರು ಹೇಳಿದರೆ ಹಾಕಿ, ಬದಲಿಸಲೇಬೇಕೆಂಬ ನಿಯಮವೇನಿಲ್ಲ.

ಪ್ರಸಾರಕ್ಕೆ ಮುಂಚೆ ಎಡಿಟ್ ಮುಗಿದ 20 ನಿಮಿಷವನ್ನು ಅವರಿಗೆ ಕೇಳಿಸಿ, ಎರಡನೇ ಸಲ ಒಪ್ಪಿಗೆ ಪಡೆಯಿರಿ. ಎಷ್ಟು ದಿನದೊಳಗೆ ಬೇಡ ಅನ್ನಬಹುದು ಎಂದು ತಾರೀಖು ಹೇಳಿಬಿಡಿ. ಒಮ್ಮೆ ಪ್ರಸಾರವಾದ ಮೇಲೆ ವಾಪಸ್ ತರಲಾಗದು, ಅದನ್ನೂ ಹೇಳಿ. ಮತ್ತೆ ನಿರೂಪಣೆಯಲ್ಲಿ "ಬಳಲುತ್ತಿರುವ", "ಪಾಪ", "ದೇವರ ಮಗು" ಬರೆದು ತಂದರೆ ಸ್ಟುಡಿಯೊದಲ್ಲಿ ನಾನೇ ಕತ್ತರಿಸುತ್ತೇನೆ.

---

ಸುಮಾ_ಎಂಎಸ್‌ಡಬ್ಲ್ಯೂ

ಎಲ್ಲರಿಗೂ ಧನ್ಯವಾದ. ಗೈಡ್ ಮುಂದೆ 40ರ ಬದಲು ಎಂಟು ಪ್ರಶ್ನೆ ಇಡುತ್ತೇನೆ, ಅವರ ಒಪ್ಪಿಗೆಗೆ ಯಾವ ಚಿತ್ರದ ಹಾಳೆ ತೋರಿಸಬೇಕೋ ನೋಡಬೇಕು! ಧಾರವಾಡದವರು ಹೇಳಿದ ಹಾಗೆ ತಾಯಿಗೆ ಗುರುವಾರ, ಮಗಳಿಗೆ ಅದಕ್ಕೂ ಮುಂಚೆ. ಮಗಳದ್ದು ಕೇಂದ್ರ ಬಿಟ್ಟ ಮೇಲೆ ಸಂಜೆ ನಾಲ್ಕೂವರೆಗೆ ಇಟ್ಟುಕೊಳ್ಳಬಹುದಾ? ಅವರಿಗೆ ಫಿಟ್ಸ್ ಮಾತ್ರೆ ಇದೆಯಂತೆ.

---

ಸಂಪನ್ಮೂಲ_ಶಿಕ್ಷಕಿ

ಸಂಜೆ ಬೇಡ. ದಿನವಿಡೀ ಕೆಲಸ ಮಾಡಿ ದಣಿದಿರುತ್ತಾರೆ, "ಹೂಂ" ಇನ್ನೂ ಜಾಸ್ತಿಯಾಗುತ್ತದೆ. ಫಿಟ್ಸ್ ಮಾತ್ರೆಗಳಲ್ಲಿ ಕೆಲವು ಮಂಪರು ತರುತ್ತವೆ. ಬೆಳಗಿನ ಮಾತ್ರೆ ಎಷ್ಟು ಹೊತ್ತಿಗೆ, ಆಮೇಲೆ ಯಾವಾಗ ಚುರುಕಾಗಿರುತ್ತಾರೆ ಎಂದು ತಾಯಿಯನ್ನು ಕೇಳಿ ಆ ಹೊತ್ತು ಗೊತ್ತುಮಾಡಿ. ನಿಮಗೆ ಅನುಕೂಲ ಎಂದು ಮಾತ್ರೆಯನ್ನು ಹಿಂದೆ ಮುಂದೆ ಮಾಡಿಸುವ ಹಾಗಿಲ್ಲ, ಊಟವನ್ನೂ ತಡ ಮಾಡಿಸಬೇಡಿ. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ: ಸುತ್ತಲಿನ ವಸ್ತು ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಇಡಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಕೇಂದ್ರದಲ್ಲಿ ಹನ್ನೊಂದರ ಚಹಾ ಬಿಡುವು ಇದ್ದರೆ ಅದಾದ ಮೇಲೆ ಇಟ್ಟುಕೊಳ್ಳಿ, ಚಹಾ ತಪ್ಪಿಸಿ ಮಾತ್ರ ಕೂರಿಸಬೇಡಿ.